ಬೆಂಡೆಕಾಯಿ ತುದಿ ಮುರಿಯುವವರು

ಬೆಂಡೆಕಾಯಿಯ ತುದಿ ಮುರಿದು ನೋಡದೆ ತಕ್ಕಡಿಗೆ ಹಾಕಿಸದ ಜನ ಗಾಂಧಿಬಜಾರಿನಲ್ಲಿ ಬೇಕಾದಷ್ಟಿದ್ದಾರೆ. ಅನುಕೂಲಕ್ಕೆ ಅವರನ್ನೆಲ್ಲ ಪದ್ಮಕ್ಕ ಎನ್ನೋಣ. ಕೂದಲಿಗೆ ಡೈ ಹಚ್ಚಿ ಮುಗಿಸಿ ಈಗ ಹಣೆಯ ಕಡೆ ಗಮನ ಹರಿಸಿರುವ ಗಂಡಸರೂ ಇದರಲ್ಲಿ ಸೇರಿದ್ದಾರೆ. ಪದ್ಮಕ್ಕ ಬಳೆಯ ಹಾಲ್‌ಮಾರ್ಕನ್ನು ಭೂತಗನ್ನಡಿ ಹಿಡಿದು ಓದುತ್ತಾರೆ, ಸೀರೆಯ ಜರಿಯನ್ನು ಉಗುರಿನಿಂದ ಕೆರೆಯುತ್ತಾರೆ, ಹೋಟೆಲ್ ಬಿಲ್ಲನ್ನು ಎರಡು ಸಲ ಕೂಡುತ್ತಾರೆ. ಹೀಗೆ ಲೋಕವನ್ನೆಲ್ಲ ಶಂಕಿಸಿ ಶಂಕಿಸಿ ಹುಬ್ಬುಗಳ ನಡುವೆ ಎರಡು ಗೆರೆ ಮೂಡಿವೆ. ವಿಚಿತ್ರವೆಂದರೆ, ಆ ಗೆರೆ ಅಳಿಸಿಕೊಳ್ಳಲು ಹೊರಟ ದಿನ ಶಂಕೆಯೇ ಅವರನ್ನು ಬಿಟ್ಟುಹೋಗುತ್ತದೆ. ಕ್ಲಿನಿಕ್ಕಿನಲ್ಲಿ ಮೆತ್ತನೆ ಸೋಫಾ, ತಣ್ಣಗೆ ಏಸಿ, ಕುಡಿಯಲು ಗ್ರೀನ್ ಟೀ, ಇನ್‌ಸ್ಟಾಗ್ರಾಮಿನಲ್ಲಿ ‘ಮೊದಲು–ಆಮೇಲೆ’ ಫೋಟೊ, ಮೇಲೊಂದು ಗೌರಿಹಬ್ಬದ ಆಫರ್ ಇದ್ದರೆ ಮುಖ ಒಡ್ಡಿ ಕೂತೇಬಿಡುತ್ತಾರೆ. ಚುಚ್ಚಿದವರು ಯಾರು ಎಂದು ಕೇಳಿದರೆ, “ಬಿಳಿ ಕೋಟು ಹಾಕಿದ್ರಲ್ಲಾ!”

ಬಿಳಿ ಕೋಟು ಯಾವ ಅಂಗಡಿಯಲ್ಲೂ ಸಿಗುತ್ತದೆ. ಸೂಜಿಯೊಳಗಿನದು ಮಾತ್ರ ಅಂಥ ಸಾದಾ ವಸ್ತುವಲ್ಲ. ಕೆಟ್ಟ ಡಬ್ಬಿ ಆಹಾರದಲ್ಲಿ ಬೆಳೆದು ಪ್ರಾಣ ತೆಗೆಯಬಲ್ಲ ಬ್ಯಾಕ್ಟೀರಿಯಾದ ವಿಷವನ್ನೇ ಶುದ್ಧಮಾಡಿ, ಅತಿ ಸಣ್ಣ ಪ್ರಮಾಣದಲ್ಲಿ ಕೊಡುವುದೇ ಬೊಟಾಕ್ಸ್. ಕೆನಡಾದ ಕಣ್ಣಿನ ವೈದ್ಯೆ ಜೀನ್ ಕ್ಯಾರುಥರ್ಸ್ ರೆಪ್ಪೆ ಸೆಳೆತಕ್ಕೆ ಇದನ್ನು ಕೊಡುತ್ತಿದ್ದಾಗ ಹುಬ್ಬಿನ ಗೆರೆಯೂ ಮಾಯವಾಗುವುದು ಗಮನಕ್ಕೆ ಬಂತು. ಚರ್ಮವೈದ್ಯರಾದ ಪತಿಯೊಡನೆ ಅವರು 1992ರಲ್ಲಿ ಅದನ್ನು ಪ್ರಕಟಿಸಿದರು. ಈ ಮದ್ದು ನರದ ಅಪ್ಪಣೆ ಸ್ನಾಯುವಿಗೆ ತಲುಪದಂತೆ ತಡೆಯುತ್ತದೆ. ಜಾಗ ಸ್ವಲ್ಪ ತಪ್ಪಿದರೆ ಗೆರೆ ಹೋಗುವ ಬದಲು ರೆಪ್ಪೆ ಜೋಲಬಹುದು, ವಾರಗಟ್ಟಲೆ ಹಾಗೇ ಇರಬಹುದು. ಚರ್ಮದಡಿ ಜೆಲ್ ತುಂಬಿಸುವ ಫಿಲ್ಲರ್ ಇನ್ನೂ ಒಂದು ಕೈ ಮೇಲು: ಆ ಜೆಲ್ ರಕ್ತನಾಳಕ್ಕೆ ಹೊಕ್ಕರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೂ ಹೋಗಬಹುದು. ಹಯಲುರಾನಿಕ್ ಆಸಿಡ್ ಫಿಲ್ಲರನ್ನು ಕರಗಿಸಲು ಹಯಲುರಾನಿಡೇಸ್ ಎಂಬ ಔಷಧವಿದೆ. ಅದನ್ನು ತಡಮಾಡದೆ ಕೊಡಬೇಕು. ಆಫರ್ ಕೊಟ್ಟವರ ಕಪಾಟಿನಲ್ಲಿ ಅದು ಇದೆಯೇ ಎಂದು ಪದ್ಮಕ್ಕ ಕೇಳುವುದಿಲ್ಲ, ಎರಡನೇ ಸಿರಿಂಜು ಅರ್ಧ ಬೆಲೆಗೆ ಸಿಗುತ್ತದೆಯೇ ಎಂದು ಕೇಳುತ್ತಾರೆ.

ಎಂ.ಡಿ. ಮಾಡಿದವರ ಕೈಯಲ್ಲೂ ಕೆಡುವುದಿಲ್ಲವೇ ಎಂಬುದು ಅವರ ಪಾಟೀಸವಾಲು. ಕೆಡುತ್ತದೆ. ಆದರೆ ಚರ್ಮರೋಗದಲ್ಲಿ ಎಂ.ಡಿ. ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಮಾಡಿ, ಇದರಲ್ಲೇ ಕೈ ಪಳಗಿದವರಿಗೆ ಕೆಟ್ಟದ್ದು ಕೂಡಲೇ ತಿಳಿಯುತ್ತದೆ, ಮುಂದೇನು ಮಾಡಬೇಕೆಂಬುದೂ ಗೊತ್ತಿರುತ್ತದೆ. ವಾರಾಂತ್ಯದ ಕೋರ್ಸಿನ ಸರ್ಟಿಫಿಕೇಟಿಗೆ ಚಿನ್ನದ ಬಣ್ಣದ ಫ್ರೇಮು ಹಾಕಿಸಿದವರಿಂದ ಅದನ್ನು ನಿರೀಕ್ಷಿಸಲಾಗದು. ಅಗ್ಗದ ಮದ್ದೂ ಅದೇ ಮದ್ದಲ್ಲವೇ ಎನ್ನುವವರಿಗೆ ಅಮೆರಿಕದ ಉದಾಹರಣೆ ಸಾಕು. ಅಲ್ಲಿ 2024ರಲ್ಲಿ ನಕಲಿ ಅಥವಾ ಸರಿಯಾಗಿ ಸಂಗ್ರಹಿಸದ ಬೊಟಾಕ್ಸಿನಿಂದ ತೊಂದರೆಪಟ್ಟವರ ಬಗ್ಗೆ ಸರ್ಕಾರವೇ ಎಚ್ಚರಿಕೆ ಕೊಟ್ಟಿತು, ಎಷ್ಟೋ ಮಂದಿಗೆ ಚುಚ್ಚಿದವರು ಪರವಾನಗಿಯೋ ತರಬೇತಿಯೋ ಇಲ್ಲದವರು. ನಮ್ಮಲ್ಲಿ ವೈದ್ಯರ ಹೆಸರು ನೋಂದಣಿಯಲ್ಲಿದೆಯೇ ಎಂದು ಮೊಬೈಲಿನಲ್ಲೇ ಹುಡುಕಬಹುದು. ಖಾಸಗಿ ಕ್ಲಿನಿಕ್ಕುಗಳಿಗೆ ರಾಜ್ಯದ ಕಾನೂನಿನಡಿ ಕೊಡುವ ಕೆ.ಪಿ.ಎಂ.ಇ. ನೋಂದಣಿಪತ್ರ ಗೋಡೆಯ ಮೇಲಿರಬೇಕು. ಸೀಸೆಯನ್ನು ಫ್ರಿಜ್ಜಿನಿಂದ ನಮ್ಮೆದುರೇ ತೆಗೆಸಿ ಸೀಲು, ಬ್ಯಾಚ್ ನಂಬರು, ಕೊನೆ ದಿನಾಂಕ ನೋಡಬಹುದು. ಇದಕ್ಕೆ ಅರ್ಧ ಕೆಜಿ ಬೆಂಡೆಕಾಯಿ ಆರಿಸುವಷ್ಟು ಹೊತ್ತೂ ಬೇಡ.

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎನ್ನುವ ಪಂಡಿತರ ಜೊತೆ ನಾನಂತೂ ಇಲ್ಲ. ಪದ್ಮಕ್ಕನಿಗೆ ಹದಿನೆಂಟಾಗುವ ಆಸೆಯೇನಿಲ್ಲ. ಸುಮ್ಮನೆ ಕೂತಿದ್ದರೂ ಸೀಮಂತದ ಮನೆಯಲ್ಲಿ “ಯಾಕ್ರೀ, ಸಿಟ್ಟಾ?” ಎಂದು ನಾದಿನಿಯರು ಕೇಳುತ್ತಾರಲ್ಲ, ಅದು ತಪ್ಪಿದರೆ ಸಾಕು. ಮನಸ್ಸಿನಲ್ಲಿಲ್ಲದ ಸಿಟ್ಟನ್ನು ಮುಖ ಹೊತ್ತು ತಿರುಗುವುದು ನಿಜಕ್ಕೂ ಬೇಸರದ ಸಂಗತಿ. ಮೂರು ನಾಲ್ಕು ತಿಂಗಳ ಮಟ್ಟಿಗೆ ಅದನ್ನು ಇಳಿಸಿಕೊಂಡರೆ ಯಾರ ಗಂಟೇನು ಹೋಯಿತು? ಒಳ್ಳೆಯ ವೈದ್ಯರು ಕಾಯಿಲೆ, ಮಾತ್ರೆಗಳ ವಿಚಾರವೆಲ್ಲ ಕೇಳುತ್ತಾರೆ, ಆಮೇಲೆ ಒಮ್ಮೊಮ್ಮೆ “ಕೆನ್ನೆಗೆ ಫಿಲ್ಲರ್ ಬೇಡಮ್ಮ, ಚೆನ್ನಾಗೇ ಇದೆ” ಎಂದೂ ಹೇಳಿ ಕಳಿಸುತ್ತಾರೆ. ಅಂಥವರ ಬಗ್ಗೆ ಪದ್ಮಕ್ಕ ತಿಂಗಳುಗಟ್ಟಲೆ ದೂರುತ್ತಾರೆ: “ಏನೂ ಮಾಡ್ಲಿಲ್ಲ ಕಣ್ರೀ, ಫೀಸು ಮಾತ್ರ ಪೂರ್ತಿ ತಗೊಂಡ್ರು!”