ನಡೆದು ಬಂದ ಕಾಲುಗಳ ಬಳಕೆ: ಹುಬ್ಬಳ್ಳಿ-ಧಾರವಾಡ ಕೈಪಿಡಿ

ಶಿವರಾತ್ರಿಗೆ ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ನಡೆದು ಬಂದವರಿಗಾಗಿ ಈ ಕೈಪಿಡಿ. ಹೇಗೆ ನಡೆಯಬೇಕೆಂದು ಹೇಳುವವರು ಓಣಿಗೆ ಹತ್ತು ಮಂದಿ ಸಿಗುತ್ತಾರೆ. ಮುಟ್ಟಿದ ಮೇಲೆ ಹೇಗೆ ಕೂಡಬೇಕೆಂದು ಹೇಳಿಕೊಡುವವರು ಯಾರೂ ಇಲ್ಲ.

ಉಪಕರಣದ ಪರಿಚಯ: ಕಾಲು, ಎರಡು. ಅಂಗಾಲಲ್ಲಿ ಗುಳ್ಳೆ, ಮೊಣಕಾಲಲ್ಲಿ ಬಾವು. ಇವು ತಯಾರಿಕೆಯ ದೋಷಗಳಲ್ಲ. ಗುಳ್ಳೆಗೆ ಸೂಜಿ ಚುಚ್ಚಿ ದಾರ ಎಳೆಯಲು ಮುಂದೆ ಬರುವ ಅನುಭವಿ ಕಾಕಾಗಳನ್ನು ಕೈಮುಗಿದು ದೂರ ಇಡಿ. ಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ, ಒಣಗಲು ಬಿಡಿ.

ಹಂತ ಒಂದು, ಕೂಡುವುದು. ಎಲ್ಲಕ್ಕಿಂತ ಕಷ್ಟದ ಹಂತ ಇದೇ. ದಿನಗಟ್ಟಲೆ ನಡೆದ ಕಾಲು ತನ್ನಷ್ಟಕ್ಕೆ ತಾನೇ ಎದ್ದು ಹೊರಡುತ್ತದೆ. ಜಾಗರಣೆ ಮುಗಿದಿದೆ, ತೇರು ಎಳೆಯುವುದು ಸಂಜೆಗೆ. “ಅಲ್ಲೀತನಕಾ ಜಾತ್ರಿ ಒಂದ ಸುತ್ತ ಹಾಕ್ಕೊಂಡ ಬರೂಣ ಬಾ” ಎಂದು ಸಂಗಡಿಗರು ಕರೆಯುತ್ತಾರೆ. ಏಳಬೇಡಿ. ಪಕ್ಕದಲ್ಲಿ ಕೂತ ಅಜ್ಜಿ “ಯಾವೂರಿಂದ ನಡಕೊಂತ ಬಂದಿಯಪಾ?” ಎಂದು ಕೇಳಿದರೆ ಊರಿನ ಹೆಸರಷ್ಟೇ ಹೇಳಿ. ಕಿಲೋಮೀಟರು ಸೇರಿಸಿದಿರೋ, ಆಕೆ ಅದರ ಎರಡರಷ್ಟು ದೂರದಿಂದ, ಬರಿಗಾಲಲ್ಲಿ, ನಿಮ್ಮ ಮದುವೆಗೂ ಮೊದಲಿನಿಂದ ಬರುತ್ತಿದ್ದಾಳೆಂದು ತಿಳಿದುಬರುತ್ತದೆ.

ಸುಮ್ಮನೆ ಕೂಡಲು ನಾಚಿಕೆಯಾದರೆ ಗದ್ದುಗೆಯ ಕಡೆ ನೋಡಿ. 1836ರಲ್ಲಿ ಬೀದರ ಸೀಮೆಯ ಚಳಕಾಪುರದಲ್ಲಿ ಹುಟ್ಟಿದ ಸಿದ್ಧಾರೂಢರು ಬಾಲ್ಯದಲ್ಲೇ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಹೊರಟವರು. ದೇಶವೆಲ್ಲ ಸುತ್ತಿ ಹುಬ್ಬಳ್ಳಿಗೆ ಬಂದ ಮೇಲೆ ಇಲ್ಲೇ ನೆಲೆನಿಂತರು. 1929ರಲ್ಲಿ ಸಮಾಧಿಯಾದದ್ದೂ ಇಲ್ಲೇ. ಈ ಊರಿಗೆ ಬಂದು ಕೂತುಬಿಡುವುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕೆ?

ಹಂತ ಎರಡು, ಹೊಟ್ಟೆ. ಉಪವಾಸ ಬಿಟ್ಟ ಸಂಜೆ ಆಟೋ ಹಿಡಿದು ದುರ್ಗದ ಬೈಲಿಗೆ ಬನ್ನಿ. ಗಿರ್ಮಿಟ್ ಹೇಳಿ, ಜೊತೆಗೆ ಮಿರ್ಚಿ. ಹುಣಸೆ-ಬೆಲ್ಲದ ಒಗ್ಗರಣೆ ಬಿದ್ದ ಚುರುಮರಿ ಕಾಯುವುದಿಲ್ಲ, ಮೆತ್ತಗಾಗುತ್ತದೆ. ಇಡೀ ಕೈಪಿಡಿಯಲ್ಲಿ ಅವಸರಕ್ಕೆ ಅನುಮತಿ ಇರುವುದು ಇಲ್ಲಿ ಮಾತ್ರ. ಎಲ್ಲರೂ ನಿಂತೇ ತಿನ್ನುತ್ತಾರೆ. ನೀವು ಬಾಗಿಲು ಹಾಕಿದ ಯಾವುದಾದರೂ ಅಂಗಡಿಯ ಕಟ್ಟೆ ಹಿಡಿಯಿರಿ.

ಎಚ್ಚರಿಕೆ: ಸಾವಜಿ ಖಾನಾವಳಿ ಇವತ್ತೇ ಬೇಡ. ವ್ರತದ ಮಾತು ಹಾಗಿರಲಿ, ಆ ಕೆಂಪು ಖಾರ ಖಾಲಿ ಹೊಟ್ಟೆಯನ್ನು ಕ್ಷಮಿಸುವುದಿಲ್ಲ.

ಮರುದಿನ ಉಣಕಲ್ಲಿನ ಚಂದ್ರಮೌಳೇಶ್ವರ. ಚಾಲುಕ್ಯರ ಕಾಲದ ಈ ಗುಡಿಗೆ ನಾಲ್ಕೂ ದಿಕ್ಕಿಗೆ ಬಾಗಿಲು. ಒಂದು ಬಾಗಿಲಲ್ಲಿ ಕೂತರೆ ಉಳಿದ ಮೂರನ್ನೂ ನೋಡಿದಂತೆಯೇ ಎಂದು ಈ ಕೈಪಿಡಿ ಪ್ರಮಾಣೀಕರಿಸುತ್ತದೆ.

ಹಂತ ಮೂರು, ಚಿಗರಿ. ಧಾರವಾಡ ಸುಮಾರು 20 ಕಿಲೋಮೀಟರ್. ಮೊನ್ನೆವರೆಗೆ ಇದನ್ನು ಒಂದು ಮುಂಜಾನೆಯ ದಾರಿ ಅಂದುಕೊಂಡಿದ್ದಿರಿ. ಆ ಲೆಕ್ಕ ಮರೆಯಿರಿ. ಚಿಗರಿ ಬಸ್ಸಿನ ನೆಲವೂ ನಿಲ್ದಾಣದ ನೆಲವೂ ಒಂದೇ ಮಟ್ಟ, ಮೊಣಕಾಲು ಎತ್ತದೆ ಒಳಗೆ ಹೋಗಬಹುದು. ಯೋಜನೆ ರೂಪಿಸಿದವರು ನಿಮ್ಮನ್ನು ನೆನೆಯಲಿಲ್ಲವೇನೋ, ಉಪಕಾರವಂತೂ ಆಗಿದೆ. ನಡುವೆ ನಿಲ್ಲದ ಬಸ್ಸು ಬಿಟ್ಟು ಎಲ್ಲ ಕಡೆ ನಿಲ್ಲುವುದನ್ನೇ ಹತ್ತಿ. ಎಸಿ ಇದೆ, ನಿದ್ದೆ ಹೆಚ್ಚು ಸಿಗುತ್ತದೆ.

ಧಾರವಾಡ ಕೂತು ನೋಡುವ ಊರು. ಲೈನ್ ಬಜಾರಿನ ಪೇಢೆಗೆ ಸರತಿಯಲ್ಲಿ ನಿಲ್ಲಬೇಕಾದೀತು. ನಡೆಯದೆ ಬಂದ ಸಂಬಂಧಿಕರಿದ್ದರೆ ಆ ಪುಣ್ಯ ಅವರಿಗೆ ಬಿಡಿ. ನೀವು ಸಾಧನಕೇರಿಗೆ ಹೋಗಿ, ಬೇಂದ್ರೆಯವರ ಮನೆ ನೋಡಿ, ಕೆರೆ ದಂಡೆಯ ಉದ್ಯಾನದಲ್ಲಿ ಕಾಲು ಚಾಚಿ. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ‘ಅಟ್ಟ’ ಇದೆ. ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಈ ಸಂಸ್ಥೆ ಬೇಂದ್ರೆ, ಕುರ್ತಕೋಟಿ, ಕಾರ್ನಾಡರ ಪುಸ್ತಕಗಳನ್ನು ಹೊರತಂದಿತು. ಇವರೆಲ್ಲ ಆ ಅಟ್ಟದಲ್ಲಿ ಕೂತು ಹರಟಿದವರು. ಕನ್ನಡ ಸಾಹಿತ್ಯದ ಎಷ್ಟೋ ಕೆಲಸ ಕೂತಲ್ಲೇ ಆಗಿದೆ ಎಂಬುದು ನಿಮಗೆ ಸಮಾಧಾನ ತರಬೇಕು. ತೊಂದರೆ ಒಂದೇ, ಅಟ್ಟಕ್ಕೆ ಮೆಟ್ಟಿಲಿವೆ. ಮೊಣಕಾಲು ಒಪ್ಪಿದ ದಿನ ಹತ್ತಿ.

ಖಾತರಿ: ಮರಳಿ ಊರಿಗೆ ನಡೆದೇ ಹೋಗುವುದಾಗಿ ಹುರುಪಿನಲ್ಲಿ ಹೇಳಿದವರಿಗೆ ಅನ್ವಯಿಸುವುದಿಲ್ಲ. ರೈಲಿಗೆ ಹೋಗುವವರು ಗಮನಿಸಿ. ಸಿದ್ಧಾರೂಢರ ಹೆಸರನ್ನೇ ಹೊತ್ತ ಹುಬ್ಬಳ್ಳಿ ನಿಲ್ದಾಣದಲ್ಲಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮಿನ ಉದ್ದ 1507 ಮೀಟರ್, ಜಗತ್ತಿನಲ್ಲೇ ಅತಿ ಉದ್ದದ್ದು. ನಿಮ್ಮ ಬೋಗಿ ಯಾವ ತುದಿಗೆ ನಿಲ್ಲುತ್ತದೆಂದು ಮೊದಲೇ ಕೇಳಿಕೊಳ್ಳಿ. ತಪ್ಪಿದರೆ ಒಂದೂವರೆ ಕಿಲೋಮೀಟರಿನ ಇನ್ನೊಂದು ಪಾದಯಾತ್ರೆ, ಅಲ್ಲಿ ಯಾರೂ ಕರೆದು ಮಜ್ಜಿಗೆ ಕೊಡುವುದಿಲ್ಲ.