ಸೂರ್ಯನಿಗೂ ಸಬ್ಸಿಡಿ

ಮೈಸೂರಿನ ಅಗ್ರಹಾರದ ಹೋಟೆಲಿನಲ್ಲಿ ಬೈಟು ಕಾಫಿ. ಮೇಷ್ಟ್ರ ಕೈಯಲ್ಲಿ ಪಿಎಂ ಸೂರ್ಯಘರ್ ಕರಪತ್ರ.

“ಮೂರು ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ ರಾಯರೇ!”

“ಈಗ ಬಿಲ್ ಎಷ್ಟು ಬರುತ್ತೆ?”

“ಸೊನ್ನೆ. ಗೃಹಜ್ಯೋತಿ.”

“ಸೊನ್ನೆಯಲ್ಲಿ ಎಷ್ಟು ಉಳಿಸ್ತೀರಿ?”

ಮೇಷ್ಟ್ರು ಗಣಿತದವರು, ಸುಮ್ಮನೆ ಕಾಫಿ ಹೀರಿದರು. 2023ರಿಂದ ಬೆಂಗಳೂರು ಗರಿಷ್ಠ 200 ಯೂನಿಟ್ ಪುಕ್ಕಟೆ ಕೊಡುತ್ತಿದೆ. 2024ರಿಂದ ದೆಹಲಿ, ಪುಕ್ಕಟೆ ಮಾಡಿಕೊಳ್ಳಿ ಎಂದು ದುಡ್ಡು ಕೊಡುತ್ತಿದೆ. ನಡುವೆ ಮೇಷ್ಟ್ರ ತಾರಸಿಯಲ್ಲಿ ಸದ್ಯಕ್ಕೆ ಹಪ್ಪಳ ಒಣಗುತ್ತಿದೆ.

“ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಪಳೆಯುಳಿಕೆ ಇಂಧನದ್ದಲ್ಲ. 2025ರಲ್ಲೇ ಸಾಧಿಸಿದ್ದೇವೆ!”

“ಸಾಮರ್ಥ್ಯ ಸರಿ, ಉತ್ಪಾದನೆ? ಹತ್ತು ಯೂನಿಟ್‌ನಲ್ಲಿ ಏಳು ಇನ್ನೂ ಕಲ್ಲಿದ್ದಲಿನದೇ. ಭಾನುವಾರ ಸಂಜೆ ಏಳಕ್ಕೆ ಅರಮನೆಯ ಸುಮಾರು ಲಕ್ಷ ಬಲ್ಬು ಹತ್ತುತ್ತವಲ್ಲ, ಆಗ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಏನು ಮಾಡ್ತಿರುತ್ತೆ?”

“ನಿದ್ದೆ. ಅದಕ್ಕೇ ಶರಾವತಿಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಬರ್ತಿದೆ. ಹಗಲು ನೀರು ಮೇಲೆತ್ತಿ, ರಾತ್ರಿ ಕೆಳಗೆ ಬಿಡೋದು.”

“ಸಿಂಗಳೀಕದ ಕಾಡು ಕಡಿದು ಹಸಿರು ಮಾಡೋದು ಅನ್ನಿ.”

(1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಜಲವಿದ್ಯುತ್ ಕಳಿಸಿದ ಸೀಮೆಗೆ ದೆಹಲಿ ಈಗ ಹಸಿರಿನ ಪಾಠ ಹೇಳುತ್ತಿದೆ.)

“ಆದರೂ ಅರ್ಜಿ ಹಾಕ್ತೀನಿ. 78,000 ಬಿಡೋಕಾಗುತ್ತಾ?”

“ಉಳಿದ ದುಡ್ಡು?”

“ಬ್ಯಾಂಕ್ ಸಾಲ.”

“ಅಂತೂ ಮನೆಗೆ ಒಂದು ಬಿಲ್ ಬರೋ ಹಾಗಾಯ್ತು ಬಿಡಿ,” ಅಂದರು ರಾಯರು.