ತಲೆಗೆ 55 ಲೀಟರ್

ನಲ್ಲಿ ಕಟ್ಟೆಯ ಸಿಮೆಂಟಿನ ಮೇಲೆ ನಾಯಿಯ ಹೆಜ್ಜೆ ಒಣಗಿದೆ. ನಲ್ಲಿಯೂ ಒಣಗಿದೆ.

“ಅಜ್ಜಿ, 2019ರಲ್ಲೇ ಜಲಜೀವನ್ ಮಿಷನ್ ಬಂತು. ತಲೆಗೆ ದಿನಕ್ಕೆ 55 ಲೀಟರ್!” ಎಂದರು ಇಂಜಿನಿಯರ್.

“ತಲೆಗೆ ಸರಿ ಸ್ವಾಮಿ, ಕೊಡಕ್ಕೆ ಎಷ್ಟು?”

“ಈ ಪೈಪು ಇವತ್ತಿನ ಜನಕ್ಕಲ್ಲ, 30 ವರ್ಷ ಆದ್ಮೇಲಿನ ಜನಸಂಖ್ಯೆಗೆ ಲೆಕ್ಕ ಹಾಕಿದ್ದು.”

“ಅದಕ್ಕೇ ನೀರಿನ್ನೂ ಹುಟ್ಟಿಲ್ಲ ಅನ್ನಿ.”

“ಒಂದಂತಸ್ತಿನ ಮನೆಗೆ 7 ಮೀಟರ್ ಒತ್ತಡ ಇರಬೇಕು. ಅಂದ್ರೆ ನೀರು ಅಷ್ಟೆತ್ತರ ಏರೋ ಹಾಗೆ.”

“ಏರೋದು ಬ್ಯಾಡ, ಇಳಿದ್ರೆ ಸಾಕು. ಮೇಲ್ಗಡೆ ಮನೆಯೋರು ನಲ್ಲಿಗೇ ಮೋಟಾರು ಹಾಕವ್ರೆ. ನಮ್ಮದು ಬುಸ್ ಅಂತ ಗಾಳಿ ಬಿಡ್ತದೆ.”

ಇಂಜಿನಿಯರ್ ಬೆಚ್ಚಿದರು. (ನಿಜವಾಗಿ ಬೆಚ್ಚಿದ್ದು ಇದೊಂದಕ್ಕೇ.) “ಅಯ್ಯೋ, ಹಾಗೆ ಹೀರಿದ್ರೆ ಪೈಪಿನ ಬಿರುಕಲ್ಲಿ ಚರಂಡಿ ನೀರು ಒಳಗೆ ಬರುತ್ತೆ! ಅದಕ್ಕೇ ಕೊನೇ ನಲ್ಲೀಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನೋದು.”

“ಉಳಿಯಕ್ಕೆ ಮೊದ್ಲು ಹಾಕಬೇಕಲ್ವಾ? ಬ್ಲೀಚಿಂಗ್ ಪೌಡರ್ ಮೂಟೆಗೆ ಒರಗಿ ನೀರುಗಂಟಿ ನಿದ್ದೆ ಹೊಡೀತಾನೆ.”

“ಬರ್ಕೊಂಡೆ. ಈಗ ನಲ್ಲಿ ಪಕ್ಕ ನಿಂತ್ಕೊಳ್ಳಿ, ಫೋಟೋ ಅಪ್‌ಲೋಡ್ ಮಾಡಬೇಕು.”

ಅಜ್ಜಿ ಒಳಗಿಂದ ಒಂದು ಚೊಂಬು ನೀರು ತಂದು ನಲ್ಲಿಯ ಮೇಲೆ ಹುಯ್ದಳು.

“ಬಿರ್ರನೆ ಹೊಡಿ ಮಗಾ, ತೊಟ್ಟಿಕ್ತಾ ಅದೆ.”